ಗಂಡನ ಪಾಲಿನ ಗುಳಿಗೆಗಳು

ದೊಡ್ಡವ್ವಾ, ಸಣ್ಣವ್ವಾ, ತಮ್ಮಾ,

ಮೊಮ್ಮಕ್ಕಳೇ, ಮನೆಯಲ್ಲಿ ಕರೆಯುವ ಹೆಸರಿನಿಂದಲೇ ನಿಮ್ಮನ್ನು ಕರೆದಿದ್ದೇನೆ. ಹಾಜರಿ ಪುಸ್ತಕದ ಹೆಸರು ಬರೆದರೆ ಯಾರದೋ ಮಕ್ಕಳಿಗೆ ಬರೆದಂತೆ ಅನಿಸುತ್ತದೆ. ಇದನ್ನು ಮೂವರೂ ಓದಬೇಕು. ತಮ್ಮಾ, ಇದು ಹೆಂಗಸರ ಮಾತು ಎಂದು ಅರ್ಧಕ್ಕೆ ಬಿಟ್ಟು ಅಕ್ಕಂದಿರ ಕೈಗೆ ಕೊಡಬೇಡ. ನೀನು ಓದದಿದ್ದರೆ ನಾನು ಬರೆದದ್ದು ಅರ್ಧ ದಂಡ.

ನಾನು ಎಂಥ ನಾಚಿಕೆಯವಳು ಎಂದು ನಿಮಗೆ ಗೊತ್ತು. ಬಸ್ಸಿನಲ್ಲಿ ಕಂಡಕ್ಟರ್‌ಗೆ ಊರ ಹೆಸರು ಹೇಳುವಾಗಲೂ ಸೆರಗು ಬಾಯಿಗೆ ಹಿಡಿಯುತ್ತೇನೆ, ನೀವು ನಗುತ್ತೀರಿ. ಅಂಥವಳು ಈ ವಿಷಯ ಬರೆಯಲು ಕೂತದ್ದು ಸಿಟ್ಟಿನಿಂದ. ಸಿಟ್ಟು ಆರಿದ ಮೇಲೆ ಸಮಾಧಾನದಿಂದ ಬರೆದರಾಯಿತು ಎಂದು ಮೂರು ವರ್ಷ ಕಾದೆ. ಆರಲಿಲ್ಲ. ನಿಮ್ಮ ಅವ್ವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ನೀ ಬರಿ, ನನ್ನ ಬಾಯಿಲೆ ಹೇಳಾಕ ಆಗೂದಿಲ್ಲ," ಎಂದಳು. ನಿಮ್ಮ ಅಪ್ಪನನ್ನೂ ಕೇಳಿಸಿದೆ. "ಬರೀಲಿ," ಎಂದರಂತೆ.

ನಾನು ಓದಿದ್ದು ಏಳನೆಯ ಇಯತ್ತೆ. ನಮ್ಮ ಸಾಲೆಯ ಗೋಡೆಗೆ ಮನುಷ್ಯನ ದೇಹದ ಪಟ ಇತ್ತು. ಮಿದುಳು, ಹೃದಯ, ಪುಪ್ಪುಸ, ಜಠರ, ಕರುಳು. ಕರುಳು ಮುಗಿದಲ್ಲಿ ಪಟವೂ ಮುಗಿಯುತ್ತಿತ್ತು. ಮಾಸ್ತರರು ಕೋಲಿನಿಂದ ತೋರಿಸುತ್ತಾ ಬಂದು ಹೊಕ್ಕುಳದ ಹತ್ತಿರ ನಿಲ್ಲಿಸುತ್ತಿದ್ದರು. ಅದರ ಕೆಳಗೆ ಯಾರಿಗೂ ಏನೂ ಇಲ್ಲ ಎಂಬಂತೆ ನಾವೂ ಪಾಠ ಒಪ್ಪಿಸಿದೆವು. ಪಾಸೂ ಆದೆವು.

ಯಲಬುರ್ಗಾ ಕಡೆಯ ಎರೆಹೊಲದ ಊರಿಗೆ ನಾನು ಸೊಸೆಯಾಗಿ ಬಂದು, ಇಬ್ಬರು ಮಕ್ಕಳಾಗಿ, ನಿಮ್ಮ ಅವ್ವ ಸಾಲೆಗೆ ಹೋಗಲು ಸುರುಮಾಡಿದ್ದಳು. ಆಗ ನನಗೆ ಬಿಳಿ ಹೋಗಲು ಹತ್ತಿತು. ಬಿಳಿ ಎನ್ನುವುದು ಬಾಯಿಮಾತು. ಅದು ಹಳದಿ ಹಸಿರು ಬಣ್ಣದ್ದು, ನೊರೆನೊರೆಯಾಗಿ, ವಾಸನೆಯ ಜೊತೆ. ತುರಿಕೆ ಎಂದರೆ ಜೋಳದ ರಾಶಿಯಲ್ಲಿ ನಾಲ್ಕು ಮಂದಿಯ ಮುಂದೆ ನಿಲ್ಲಲೂ ಆಗದಂಥದ್ದು. ಉಚ್ಚೆ ಹೋಗುವಾಗ ಉರಿ. ಅತ್ತೆಯ ಮುಂದೆ ಹೇಳಿದರೆ, "ಉಷ್ಣ ಆಗೈತಿ, ಹೆಂಗಸಂದ ಮ್ಯಾಲೆ ಇರೂದ," ಎಂದು ಕಾಮಕಸ್ತೂರಿ ಬೀಜ ನೆನೆಸಿ ಕುಡಿಸಿದರು. ಅಕ್ಕಿ ತೊಳೆದ ನೀರು ಕುಡಿಸಿದರು. ಬಾಜೂ ಮನೆಯಾಕೆ ನನ್ನ ಮಣಿಕಟ್ಟು ಹಿಡಿದು ನೋಡಿ, "ಎಲುಬು ಕರಗಿ ಹೊಂಟಾವವ್ವಾ, ಅದ ಬಿಳಿ ಆಗಿ ಬರತೈತಿ," ಎಂದಳು. ಇನ್ನೊಬ್ಬಳು ಡೆಟಾಲ್ ಹಾಕಿ ಒಳಗೆಲ್ಲ ತೊಳಿ ಎಂದಳು. ತೊಳೆದೆ. ಸುಟ್ಟುಕೊಂಡೆ. ತುರಿಕೆ ಇನ್ನೂ ಹೆಚ್ಚಾಯಿತು.

ಕೊನೆಗೆ ಊರಿಗೆ ಬರುತ್ತಿದ್ದ ನರ್ಸಬಾಯಿ ನನ್ನನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಡಾಕ್ಟರಮ್ಮ ಒಳ್ಳೆಯವರು. ನೋಡಿ, ಎರಡು ಪುಡಿಕೆ ಗುಳಿಗೆ ಕೊಟ್ಟರು.

"ಇದು ನಿನಗ, ಇದು ನಿಮ್ಮ ಯಜಮಾನರಿಗೆ. ಇಬ್ಬರೂ ತಗೊಂಡ್ರ ಹೋಗತೈತಿ. ಒಬ್ಬಾಕಿನ ತಗೊಂಡ್ರ ಮತ್ತ ಬರತೈತಿ. ತಿಳೀತಿಲ್ಲ?"

"ಹ್ಞೂನ್ರಿ."

"ಅವರಿಗೆ ಹೇಳ್ತಿಯಿಲ್ಲ?"

"ಹ್ಞೂನ್ರಿ."

ಹೇಳಲಿಲ್ಲ. ಹೇಳುವುದು ಹೇಗೆ? ನಿಮ್ಮ ಅಜ್ಜ ಹಗಲೆಲ್ಲ ಹೊಲದಲ್ಲಿ, ಸಂಜೆ ಗುಡಿಕಟ್ಟೆಯ ಮೇಲೆ. ಮನೆಯಲ್ಲಿ ಇದ್ದರೆ ಅತ್ತೆ, ಮಾವ, ಮೈದುನರು. ಏಕಾಂತದಲ್ಲಿ ಹೇಳಿದರೂ, "ನನಗ್ಯಾಕ ಗುಳಿಗಿ?" ಎಂದು ಕೇಳುತ್ತಾರೆ. ಅದಾದ ಮೇಲೆ, "ಇದು ನಿನಗ ಎಲ್ಲಿಂದ ಬಂತು?" ಎಂದು ಕೇಳುತ್ತಾರೆ. ಆ ಎರಡನೆಯ ಪ್ರಶ್ನೆ ನೆನೆಸಿಕೊಂಡೇ ನನ್ನ ಕೈಕಾಲು ತಣ್ಣಗಾದವು. ಗುಳಿಗೆ ಬಿಸಾಡಲೂ ಮನಸ್ಸಾಗಲಿಲ್ಲ. ಅನ್ನ ಚೆಲ್ಲಬಾರದು, ಔಷಧ ಚೆಲ್ಲಬಾರದು ಎಂದು ಬೆಳೆದವರು ನಾವು. ಅದಕ್ಕೆ ನನ್ನ ಪಾಲು ಮುಗಿದ ಮೇಲೆ ಅವರ ಪಾಲನ್ನೂ ನಾನೇ ನುಂಗಿದೆ. ಎರಡು ಪಾಲು ನುಂಗಿದರೆ ಗುಣವೂ ಎರಡು ಪಟ್ಟು ಆದೀತು ಎಂದು ನನ್ನ ಲೆಕ್ಕ. ಬಾಯೆಲ್ಲ ತಾಮ್ರದ ಚೊಂಬು ನೆಕ್ಕಿದ ಹಾಗೆ ಆಯಿತು, ಎರಡು ದಿನ ವಾಂತಿ. ಆಮೇಲೆ ಕಡಿಮೆಯಾಯಿತು. ಒಂದು ತಿಂಗಳಿಗೆ ಮತ್ತೆ ಬಂತು.

ಹೀಗೆ ಮೂರು ಸಲ. ಪ್ರತಿ ಸಲವೂ ಎರಡು ಪುಡಿಕೆ, ಪ್ರತಿ ಸಲವೂ "ಹ್ಞೂನ್ರಿ", ಪ್ರತಿ ಸಲವೂ ಎರಡೂ ನನ್ನ ಹೊಟ್ಟೆಗೆ. ನಾಲ್ಕನೆಯ ಸಲ ಹೋಗುವುದರೊಳಗೆ ಆ ಡಾಕ್ಟರಮ್ಮನಿಗೆ ಬದಲಿಯಾಗಿತ್ತು. ನಾದಿನಿ ನನ್ನನ್ನು ದೂರದ ಪಟ್ಟಣದ ಒಂದು ಖಾಸಗಿ ದವಾಖಾನೆಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರು ನನ್ನ ಮುಖ ನೋಡಲಿಲ್ಲ, ಸ್ಕ್ಯಾನ್ ಮಾಡಿದ ಕಾಗದ ನೋಡಿದರು. "ಚೀಲದ ಬಾಯಿ ಹುಣ್ಣಾಗೈತಿ. ಬಿಟ್ರ ಕ್ಯಾನ್ಸರ್. ಮಕ್ಕಳಾಗ್ಯಾವಲ್ಲ, ತೆಗೆದುಬಿಡೂಣು," ಎಂದರು. ಅವರು ಹೇಳಿದ ಚೀಲ ಎಂದರೆ ಗರ್ಭಕೋಶ. ನಮ್ಮ ಕಡೆ ಎಲ್ಲರೂ ಹಾಗೇ ಹೇಳುವುದು, ಖಾಲಿಯಾದ ಗೊಬ್ಬರದ ಚೀಲದ ಹಾಗೆ.

ತೆಗೆದರು. ನನಗೆ ಆಗ ಮೂವತ್ತೆರಡು ವರ್ಷ. ಅದರ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಸೊಂಟನೋವಿಗೆ ಕೊಪ್ಪಳದಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದಾಗ. "ಅದನ್ನ ಅಷ್ಟು ಬೇಗ ತೆಗೆದದ್ದಕ್ಕ ನಿಮ್ಮ ಎಲುಬು ಸವದಾವ್ರಿ ಅಮ್ಮಾ," ಎಂದರು. ಬಿಳಿ ಹೋದರೆ ಎಲುಬು ಕರಗುವುದಿಲ್ಲ, ಅದು ಸುಳ್ಳು. ನನ್ನ ಎಲುಬು ಕರಗಿದ್ದು ಬಿಳಿ ನಿಲ್ಲಿಸುತ್ತೇವೆಂದು ಮಾಡಿದ ಕೆಲಸದಿಂದ. ಮೂವತ್ತೆರಡಕ್ಕೆ ಮುದುಕಿಯರ ಹಾಗೆ ಮೈಯೆಲ್ಲ ಕಾವು ಏರಿ ಬೆವರುತ್ತಿತ್ತು. ನೋಡಲು ಬಂದವರು, "ಛಲೋ ಆತು ಬಿಡು, ತಿಂಗಳಾ ಕಾಟ ತಪ್ಪಿತು," ಎಂದು ಬಾಳೆಹಣ್ಣು ಕೊಟ್ಟು ಹೋದರು.

ನಿಮ್ಮ ಅಜ್ಜ ಕೆಟ್ಟವರಲ್ಲ. ನಾನು ಕೇಳಿದ್ದರೆ ನುಂಗುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಆದರೆ ಹೆಂಡತಿಯ ಹೊಟ್ಟೆ ಕೊಯ್ಯಲು ಸಹಿ ಮಾಡುವಾಗ ಯಾಕೆ ಎಂದು ಅವರೂ ಕೇಳಲಿಲ್ಲ. ಎತ್ತಿಗೆ ಲಾಳ ಹೊಡೆಸುವಾಗ ಹತ್ತು ಪ್ರಶ್ನೆ ಕೇಳುತ್ತಿದ್ದ ಮನುಷ್ಯ.

ಮಗಳಿಗೆ ನಾನು ಏನೂ ಹೇಳಲಿಲ್ಲ. ಹೊಟ್ಟೆ ಆಪರೇಶನ್ ಆಯಿತು ಎಂದಷ್ಟೇ ಹೇಳಿದೆ. ಅವಳು ದೊಡ್ಡವಳಾದಾಗ, ಮದುವೆಯಾದಾಗ, ಮೊದಲ ಬಾಣಂತನಕ್ಕೆ ಬಂದಾಗ, ಯಾವಾಗಲೂ ಹೇಳಲಿಲ್ಲ. ಅವಳು ಕಾರಟಗಿ ಕಡೆಯ ನೀರಾವರಿ ಊರಿಗೆ ಹೋದಳು, ನೀವು ಮೂವರೂ ಹುಟ್ಟಿದಿರಿ. ನನ್ನ ಸಂಕಟ ನನ್ನ ಜೊತೆಗೇ ಮುಗಿಯಿತು ಎಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ, ನಾಟಿಯ ಕಾಲದಲ್ಲಿ, ನಿಮ್ಮ ಅವ್ವ ಫೋನ್ ಮಾಡಿದಳು.

"ಅವ್ವಾ, ಸೋಮವಾರ ಬಾ. ಒಂದು ಹದಿನೈದು ದಿನ ಹುಡುಗರನ್ನ ನೋಡ್ಕೋಬೇಕು."

"ಯಾಕ, ಎಲ್ಲಿಗೆ ಹೊಂಟಿ?"

"ಚೀಲ ತೆಗಿಸಾಕ."

ಭತ್ತ ಗಿರಣಿಗೆ ಹಾಕಿಸಲು ಹೊರಟವಳ ಹಾಗೆ ಹೇಳಿದಳು.

"ಯಾರು ಹೇಳಿದ್ರು ನಿನಗ?"

"ದವಾಖಾನ್ಯಾಗ ಸ್ಕ್ಯಾನ್ ಮಾಡಿ ಹೇಳಿದ್ರು. ಒಂದು ವರ್ಷಾತು ಬಿಳಿ ಹೋಗೂದು ನಿಲ್ಲವಲ್ದು. ಎಷ್ಟು ಗುಳಿಗಿ ನುಂಗಿದ್ರೂ ಮತ್ತ ಬರತೈತಿ. ಮೂರು ಮಕ್ಕಳಾಗ್ಯಾವ, ಇನ್ನ ಅದನ್ನ ಇಟ್ಕೊಂಡು ಏನ್ ಮಾಡ್ತಿ ಅಂದ್ರು. ನಿನಗೂ ತೆಗೆದಾರಲ್ಲ ಅವ್ವಾ. ನೀ ಛಲೋ ಅದೀಯಲ್ಲ."

ಮಕ್ಕಳೇ, ನನಗೆ ಯಾರೂ ಅಷ್ಟು ಜೋರಾಗಿ ಹೊಡೆದಿಲ್ಲ. ನಾನು ಬಾಯಿ ಮುಚ್ಚಿಕೊಂಡು ನೋವು ನುಂಗಿದ್ದನ್ನು ನೋಡಿ ಅವಳು ನಾನು ಛಲೋ ಇದ್ದೇನೆ ಎಂದು ತಿಳಿದಿದ್ದಳು. ಆ ಧೈರ್ಯದ ಮೇಲೆ ಮೂವತ್ತೈದನೆಯ ವಯಸ್ಸಿಗೆ ಕೊಯ್ಯಿಸಿಕೊಳ್ಳಲು ಹೊರಟಿದ್ದಳು.

ಸೋಮವಾರಕ್ಕೆ ಕಾಯಲಿಲ್ಲ. ಮರುದಿನವೇ, ಗುರುವಾರ, ಯಲಬುರ್ಗಾದಿಂದ ಕೊಪ್ಪಳದ ಬಸ್ಸು ಹಿಡಿದೆ, ಅಲ್ಲಿಂದ ಗಂಗಾವತಿ, ಅಲ್ಲಿಂದ ಕಾರಟಗಿ. ಮನೆಗೆ ಬೀಗ ಇತ್ತು. ಗದ್ದೆಗೇ ಹೋದೆ. ಹೆಂಗಸರು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದರು, ಎಲ್ಲರ ಸೀರೆಯೂ ತೊಡೆಯವರೆಗೆ ಕೆಸರು. ಅವರಲ್ಲಿ ಹಿರಿಯಳೊಬ್ಬಳು ನನಗೆ ರೊಟ್ಟಿ ಚಾಚುತ್ತಾ, "ಬರ್ರಿ ಯವ್ವಾ. ನಮ್ಮ ಗುಂಪಿನ್ಯಾಗ ಇನ್ನೂ ಚೀಲ ಹೊತ್ಕೊಂಡು ನಾಟಿ ಹಚ್ಚಾಕಿ ಅಂದ್ರ ನಿಮ್ಮ ಮಗಳೊಬ್ಬಾಕಿ. ಸೋಮವಾರ ಆಕಿನೂ ಹಗುರಾಗತಾಳ," ಎಂದಳು. ಎಲ್ಲರೂ ನಕ್ಕರು. ನಗುವವರಲ್ಲಿ ಒಬ್ಬಳಿಗೆ ಇನ್ನೂ ಮೂವತ್ತೂ ಆಗಿರಲಿಕ್ಕಿಲ್ಲ.

ಎಂದೂ ಇಲ್ಲದ್ದು, ನನ್ನ ಬಾಯಿ ತೆರೆಯಿತು. "ಬಿತ್ತಿಗಿ ಮುಗೀತಂತ ಕೂರಿಗಿ ಒಲಿಗೆ ಹಾಕ್ತಾರೇನವ್ವಾ?"

"ಈ ಕಡೆ ಕೂರಿಗಿ ಇಲ್ಲ ಯವ್ವಾ," ಎಂದಳು ಅವಳು. "ಇಲ್ಲಿ ಎಲ್ಲಾ ಕೈಲೆ ನಾಟಿ." ಮತ್ತೆ ನಗು.

ಅವರ ಮೇಲೆ ನನಗೆ ಸಿಟ್ಟಿಲ್ಲ. ದಿನವೆಲ್ಲ ನೀರಿನಲ್ಲಿ ಬಗ್ಗಿ ನಿಲ್ಲುವವರು, ಮುಟ್ಟಾದರೆ ಸರಿದು ಕೂರಲು ಮರೆಯಿಲ್ಲ, ಒಂದು ದಿನ ತಪ್ಪಿಸಿದರೆ ಗುಂಪಿನಿಂದ ಬಿಡುತ್ತಾರೆ. ಅವರಿಗೆ ಅದು ಹೊರೆ ಎನಿಸುವ ಹಾಗೆ ಮಾಡಿದವರ ಮೇಲೆ ನನ್ನ ಸಿಟ್ಟು.

ಮಗಳನ್ನು ಕಾಲುವೆಯ ಕಡೆ ಕರೆದುಕೊಂಡು ಹೋಗಿ ಒಂದೇ ಮಾತು ಕೇಳಿದೆ.

"ಗುಳಿಗಿ ಕೊಟ್ಟಾಗ ನಿನ್ನ ಗಂಡಗೂ ಕೊಟ್ಟಿದ್ರೇನು?"

ಅವಳು ಕಾಲಿನ ಕೆಸರು ತೊಳೆಯುತ್ತಾ ನಿಂತಳು. "ಮೊದಲನೇ ಸಲ ಆರೋಗ್ಯ ಕೇಂದ್ರದಾಗ ಕೊಟ್ಟಿದ್ರು."

"ಅವರು ನುಂಗಿದ್ರೇನು?"

"ಹೆಂಗ ಹೇಳ್ಲಿ ಅವ್ವಾ? ಎಲ್ಲಿಂದ ಬಂತು ಅಂತ ಕೇಳಿದ್ರ?"

"ಮತ್ತ ಆ ಗುಳಿಗಿ ಏನ್ ಮಾಡಿದಿ?"

"ಚೆಲ್ಲಬಾರದಂತ ನಾನ ನುಂಗಿದೆ."

ನಾನು ಅವಳಿಗೆ ಅಡಿಗೆ ಕಲಿಸಿದ್ದೆ, ಕೌದಿ ಹೊಲಿಯುವುದು ಕಲಿಸಿದ್ದೆ. ಇದನ್ನು ಕಲಿಸಿರಲಿಲ್ಲ. ಕಲಿಸದೆಯೂ ಕಲಿತಿದ್ದಳು. ಕಾಲುವೆಯ ಕಟ್ಟೆಯ ಮೇಲೆ ಕೂತು ನನ್ನ ಕತೆಯನ್ನು ಮೊದಲ ಸಲ ಅವಳಿಗೆ ಹೇಳಿದೆ. ಬೆವರು, ಸೊಂಟ, ಎಲುಬು, ಎಲ್ಲ.

ಶುಕ್ರವಾರ ಇಬ್ಬರೂ ಗಂಗಾವತಿಗೆ ಹೋಗಿ ಸರಕಾರಿ ದವಾಖಾನೆಯಲ್ಲಿ ಪಾಳಿ ಹಚ್ಚಿದೆವು. ಅಲ್ಲಿಯ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಮಾತು ಖಡಕ್. ಒಳಗೆ ನೋಡಿದರು, ಒಂದು ಹನಿ ತೆಗೆದು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಗರ್ಭಕೋಶದ ಬಾಯಿ ಕೆಂಪಾಗಿದೆ ಅಷ್ಟೇ, ಅದು ಸೋಂಕಿನಿಂದ, ಕ್ಯಾನ್ಸರಿನ ಲಕ್ಷಣ ಏನೂ ಕಾಣುವುದಿಲ್ಲ, ಆದರೂ ಖಾತ್ರಿಗೆ ಆ ಪರೀಕ್ಷೆಯನ್ನೂ ಮಾಡಿಸುತ್ತೇನೆ ಎಂದರು. ಅದರಲ್ಲೂ ಆಮೇಲೆ ಏನೂ ಬರಲಿಲ್ಲ.

"ಇದು ಬರೇ ಕಣ್ಣಿಗೆ ಕಾಣದ ಒಂದು ಹುಳ," ಎಂದರು. "ಗಂಡ ಹೆಂಡತಿ ನಡುವ ಓಡಾಡತೈತಿ. ನೀವು ಹೊರಗ ಹಾಕ್ತೀರಿ, ಅವರಿಂದ ಮತ್ತ ಬರತೈತಿ. ಏಳು ದಿನದ ಗುಳಿಗಿ ನಿಮಗ, ಒಂದ ಹೊತ್ತಿನ ಗುಳಿಗಿ ಅವರಿಗೆ. ಇಬ್ಬರದೂ ಮುಗಿದು ಒಂದು ವಾರ ಆಗೂತನಕ ದೂರ ಇರಬೇಕು. ಇಷ್ಟಕ್ಕ ಯಾರು ಗರ್ಭಕೋಶ ತೆಗಿಸ್ತಾರ?"

ನಾನು ಸೆರಗಿನ ಮರೆಯಿಂದಲೇ ಕೇಳಿದೆ, "ಬಿಳಿ ಹೋಗೂದೆಲ್ಲಾ ಇದ ಏನ್ರಿ?"

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಹೆಂಗಸರಿಗೆ ತಿಳಿಯಾಗಿ, ಲೋಳೆಯಾಗಿ ಸ್ವಲ್ಪ ಹೋಗುವುದು ರೋಗವೇ ಅಲ್ಲ, ಬಾಯಲ್ಲಿ ಜೊಲ್ಲು ಇದ್ದ ಹಾಗೆ. ಮೊಸರು ಒಡೆದ ಹಾಗೆ ಗಟ್ಟಿಯಾಗಿ, ತುರಿಕೆಯ ಜೊತೆ ಬಂದರೆ ಅದು ಬೂಷ್ಟಿನ ಜಾತಿ. ಬಸುರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಹೆಚ್ಚು. ಅದಕ್ಕೆ ಒಳಗೆ ಇಟ್ಟುಕೊಳ್ಳುವ ಗುಳಿಗೆ ಇದೆ, ಗಂಡನಿಗೆ ಸಾಮಾನ್ಯವಾಗಿ ಬೇಕಿಲ್ಲ. ತೆಳ್ಳಗೆ, ಬೂದು ಬಣ್ಣದಲ್ಲಿ ಮೀನಿನ ವಾಸನೆ ಬಂದರೆ ಅದು ಇನ್ನೊಂದು, ಅದಕ್ಕೆ ಬೇರೆ ಗುಳಿಗೆ. ಯಾವುದಕ್ಕೂ ಸಾಬೂನು, ಡೆಟಾಲ್ ಹಾಕಿ ಒಳಗೆ ತೊಳೆಯಬಾರದು, ಅದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಯಾವುದು ಯಾವುದೆಂದು ನಾವೇ ತೀರ್ಮಾನಿಸದೆ ತೋರಿಸಬೇಕು. ಇಷ್ಟನ್ನೂ ಹೇಳಲು ಅವರಿಗೆ ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ಅಷ್ಟು ಹೊತ್ತು ನನ್ನ ಇಡೀ ಜನ್ಮದಲ್ಲಿ ಯಾರಿಗೂ ಇರಲಿಲ್ಲ.

ಈಗ ಉಳಿದದ್ದು ನಿಮ್ಮ ಅಪ್ಪನ ಪಾಲಿನ ಗುಳಿಗೆ. ಅದನ್ನು ಅವರು ನುಂಗದಿದ್ದರೆ ಇಂದಲ್ಲ ನಾಳೆ ಮಗಳು ಆ ಮೇಜಿನ ಮೇಲೆ ಮಲಗುವವಳೇ. ಅವಳಂತೂ ಹೇಳಲಾರೆ ಎಂದು ಅಳಲು ಕೂತಳು.

ನಮ್ಮ ಮನೆತನದಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಅವರು ಬಂದರೆ ನಾನು ಬಾಗಿಲ ಹಿಂದೆ ಸರಿಯಬೇಕು. ಹೇಳುವುದಿದ್ದರೆ ಮಕ್ಕಳ ಮೂಲಕ. "ನಿಮ್ಮಪ್ಪಗ ಊಟಕ್ಕ ಬರಾಕ ಹೇಳು," ಎಂದು ನಾನು, "ಅಜ್ಜಿಗೆ ಬಸ್ಸು ಎಷ್ಟೊತ್ತಿಗೆ ಅಂತ ಕೇಳು," ಎಂದು ಅವರು. ಹುಟ್ಟಿದಾಗಿನಿಂದ ನೀವೇ ನಮ್ಮಿಬ್ಬರ ಬಾಯಿ. ನೀವಿಲ್ಲದಾಗ ಗೋಡೆಗೆ ಹೇಳುತ್ತಿದ್ದೆವು. ಈ ಮಾತನ್ನು ನಿಮ್ಮ ಕೈಯಲ್ಲಿ ಕಳಿಸಲು ಬರುತ್ತಿರಲಿಲ್ಲ.

ಶನಿವಾರ ಮುಂಜಾನೆ ನೀವು ಸಾಲೆಗೆ ಹೋದಿರಿ. ನಿಮ್ಮ ಅಪ್ಪ ನಾಷ್ಟಾ ಮುಗಿಸಿ ಅಕ್ಕಿ ಗಿರಣಿಯ ಕೆಲಸಕ್ಕೆ ಹೊರಟು ಚಪ್ಪಲಿ ಹುಡುಕುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲು ದಾಟಿ ಪಡಸಾಲೆಗೆ ಬಂದು ನಿಂತೆ. ಅವರು ಗಾಬರಿಯಾಗಿ ಗೋಡೆಯ ಕಡೆ ತಿರುಗಿದರು.

"ಅತ್ತಿಯಾರಿಗೆ ಏನರ ಬೇಕಾಗಿತ್ತೇನು?" ಎಂದು ಗೋಡೆಯನ್ನು ಕೇಳಿದರು.

"ಗೋಡಿಗೆ ಹೇಳೂ ಮಾತಲ್ರಿ ಇದು. ನಿಮಗ ಹೇಳಬೇಕು. ಕುಂದರ್ರಿ."

ಕೂತರು. ಗುಳಿಗೆಯ ಪುಡಿಕೆಯನ್ನು ಅವರ ಮುಂದೆ ಇಟ್ಟೆ. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ.

"ನನಗೇನಾಗೈತ್ರಿ? ನಾ ಗಟ್ಟಿ ಅದೀನಿ."

"ಗಂಡಸರ ಮೈಯಾಗ ಅದು ಸದ್ದಿಲ್ದ ಇರತೈತಂತ್ರಿ. ತೋರಿಸಿಕೊಳ್ಳೂದಿಲ್ಲ."

ಅವರ ಮುಖ ಬಿಗಿಯಿತು. "ಮತ್ತ ಇದು ಎಲ್ಲಿಂದ ಬಂತ್ರಿ?" ಎಂದರು.

ಬಂತಲ್ಲ ಆ ಪ್ರಶ್ನೆ. ನನಗೆ ಮೂವತ್ತೆರಡರಲ್ಲಿ ಕೈಕಾಲು ತಣ್ಣಗಾಗಿಸಿದ್ದು. ಈ ಸಲ ಮೈ ಬಿಸಿಯಾಯಿತು.

"ಅದನ್ನ ಕೇಳೂದಾದ್ರ ಇಬ್ಬರನ್ನೂ ನಿಲ್ಲಿಸಿ ಕೇಳಬೇಕಾಗತೈತ್ರಿ. ಯಾರ ಮೈಯಾಗ ಎಷ್ಟು ದಿನದಿಂದ ಕುಂತೈತೋ ಡಾಕ್ಟರಿಗೂ ಹೇಳಾಕ ಬರೂದಿಲ್ಲಂತ. ಅವರು ಕೇಳಲಿಲ್ಲ, ನಾನೂ ಕೇಳೂದಿಲ್ಲ. ನಿಮ್ಮ ಮಾವನವರಿಗೆ ಕೊಟ್ಟ ಗುಳಿಗಿ ನಾನ ನುಂಗಿದ್ದೆರಿ, ಹೇಳಾಕ ಅಂಜಿ. ನನ್ನ ಹೊಟ್ಟಿ ಕೊಯ್ದ್ರು. ನಿಮ್ಮ ಹೆಂಡ್ತಿನೂ ನಿಮ್ಮ ಪಾಲಿಂದು ನುಂಗ್ಯಾಳ, ನಿಮಗ ಅಂಜಿ. ಸೋಮವಾರ ಆಕಿ ಹೊಟ್ಟಿ ಕೊಯ್ತಾರ. ನಿಮಗ ಕೊಯ್ಯಿಸಿಕೋರಿ ಅಂತ ಯಾರೂ ಅಂದಿಲ್ರಿ. ನುಂಗ್ರಿ ಅಂದಾರ, ಅಷ್ಟ."

ಒಳಗೆ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತ್ತು. ಅವರು ಪುಡಿಕೆ ಕೈಗೆತ್ತಿಕೊಂಡು ತಿರುವಿ ನೋಡಿದರು.

"ಎಷ್ಟ್ರಿ?"

"ಎಲ್ಲಾ. ಒಂದ ಸಲಕ್ಕ. ಮೂರು ದಿನ ಕುಡಿಯೂ ಹಂಗಿಲ್ಲಂತ್ರಿ."

"ನೀರಾ?"

"ಏನಂತ ನಿಮಗ ಗೊತ್ತೈತ್ರಿ."

ಅವರ ಮುಖ ಸ್ವಲ್ಪ ಸಡಿಲಾಯಿತು. "ಒಂದು ತಂಬಿಗಿ ನೀರು ತಾ ಇಲ್ಲೆ," ಎಂದು ಒಳಗೆ ಕೂಗಿದರು. ನಿಮ್ಮ ಅವ್ವ ತಂದು ಕೊಟ್ಟಳು, ಕಣ್ಣೆತ್ತಲಿಲ್ಲ. ಅವರು ಒಂದೊಂದಾಗಿ ನುಂಗಿದರು. ನಾನು ಕೊನೆಯದು ಇಳಿಯುವವರೆಗೂ ನಿಂತು ನೋಡಿದೆ. ಆಮೇಲೆ ಅವರು ಹೆಂಡತಿಯ ಕಡೆ ತಿರುಗಿ, "ನನ್ನ ಕೇಳಬಾರದೇನು ನೀ?" ಎಂದರು. ಅದಕ್ಕೆ ಅವಳು, "ಕೇಳಿದ್ರ ಇದನ್ನ ಕೇಳ್ತಿದ್ರಿ, ಎಲ್ಲಿಂದ ಬಂತು ಅಂತ," ಎಂದಳು. ಅವರು ಚಪ್ಪಲಿ ಹಾಕಿಕೊಂಡು ಹೋದರು.

ಸೋಮವಾರ ಆಪರೇಶನ್ ಬಿಟ್ಟು, ದೂರ ಇರಲೆಂದು ನಾನು ಮಗಳನ್ನು ನಮ್ಮೂರಿಗೆ ಕರೆದೊಯ್ದೆ. ಹದಿನೈದು ದಿನ ನಿಮಗೆ ನಿಮ್ಮ ಅಪ್ಪನೇ ಅನ್ನ ಬೇಯಿಸಿ ಹಾಕಿದರು, ಉಪ್ಪು ಹೆಚ್ಚಾಗಿತ್ತೆಂದು ಸಣ್ಣವ್ವ ದೂರು ಹೇಳಿದ್ದು ನೆನಪಿರಬೇಕು. ಆಮೇಲೆ ಗಂಗಾವತಿಯಲ್ಲಿ ಮತ್ತೆ ತೋರಿಸಿದೆವು, ಹೋಗಿತ್ತು. ಇವತ್ತಿನವರೆಗೂ ಮತ್ತೆ ಬಂದಿಲ್ಲ. ನಿಮ್ಮ ಅವ್ವನ ಗರ್ಭಕೋಶ ಅವಳ ಹೊಟ್ಟೆಯಲ್ಲೇ ಇದೆ. ಅವಳಿಗೆ ಇನ್ನು ಮಕ್ಕಳು ಬೇಡ. ಬೇಡದಿದ್ದರೂ ಅದು ಅವಳದು.

ನನ್ನ ಸಿಟ್ಟು ಯಾಕೆ ಆರಿಲ್ಲ ಎಂದರೆ, ಆ ಬದುವಿನ ಮೇಲೆ ನಕ್ಕವರಿಗೆ ನಾನು ಏನೂ ಹೇಳದೆ ಬಂದೆ. ನಿಮ್ಮ ಅವ್ವ ಈಗ ಹೇಳುತ್ತಾಳೆ, ಗುಂಪಿಗೆ ಹೊಸದಾಗಿ ಬಂದ ಇಬ್ಬರನ್ನು ಗಂಗಾವತಿಗೆ ಕರೆದುಕೊಂಡೂ ಹೋಗಿದ್ದಾಳೆ. ಒಬ್ಬಳ ಗಂಡ ಗುಳಿಗೆ ನುಂಗಿದ. ಇನ್ನೊಬ್ಬಳ ಗಂಡ ಪುಡಿಕೆಯನ್ನು ಕಾಲುವೆಗೆ ಎಸೆದ. ಅವಳಿಗೆ ಕಳೆದ ಚಳಿಗಾಲ ಆಪರೇಶನ್ ಆಯಿತು, ಇಪ್ಪತ್ತೊಂಬತ್ತು ವರ್ಷ.

ಹುಡುಗಿಯರೇ, ನಿಮಗೆ ಆದರೆ ಮೊದಲ ದಿನವೇ ಹೇಳಿರಿ, ಅವ್ವನಿಗೆ ಆಗಲಿ, ಡಾಕ್ಟರಿಗೆ ಆಗಲಿ. ಕೊಯ್ಯುತ್ತೇವೆ ಎಂದವರ ಮಾತನ್ನು ಇನ್ನೊಬ್ಬ ಡಾಕ್ಟರರ ಮುಂದೆ ಇಡದೆ ಒಪ್ಪಬೇಡಿರಿ. ತಮ್ಮಾ, ಒಂದು ದಿನ ನಿನ್ನ ಮುಂದೆಯೂ ಯಾರಾದರೂ ಒಂದು ಪುಡಿಕೆ ಇಟ್ಟಾರು. ಎಲ್ಲಿಂದ ಬಂತು ಎಂದು ಕೇಳುವ ಮೊದಲು ನೀರು ತೆಗೆದುಕೊ.

ಈ ಹಾಳೆಗಳನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡಬೇಡಿರಿ, ಹೆಂಗಸರ ಕಾಗದ ಅಲ್ಲಿಯೇ ನುಸಿ ತಿಂದು ಹೋಗುತ್ತದೆ. ಮನೆಯ ಪಹಣಿ, ರೇಶನ್ ಕಾರ್ಡು ಇರುವ ಡಬ್ಬಿಯಲ್ಲಿ ಇಡಿರಿ. ಅದನ್ನು ಮನೆಯ ಗಂಡಸರೂ ತೆರೆಯುತ್ತಾರೆ.